ನಾನೂರ ಹದಿನೇಳು ಎಲ್ಲೋಯ್ತು?

ಸೇಲಂನ ಅಗ್ರಹಾರದ ಬೀದಿಯಲ್ಲಿರುವ ಅರುಣಾಚಲಂ ಅವರ ರೇಷ್ಮೆ ಪಂಚೆ ಅಂಗಡಿಯಲ್ಲಿ ಒಂದು ಸಂಖ್ಯೆ ಕಾಣೆಯಾಯಿತು. ಪಂಚೆಯಲ್ಲ, ಶಲ್ಯವಲ್ಲ, ಬರೀ ಒಂದು ಸಂಖ್ಯೆ. ನಾನೂರ ಹದಿನಾರನೇ ಬಿಲ್ಲು ಇತ್ತು, ನಾನೂರ ಹದಿನೆಂಟನೆಯದೂ ಇತ್ತು, ನಡುವಿನದು ಇರಲಿಲ್ಲ. ಪಂಚೆ ಕಳೆದಿದ್ದರೆ ಅರುಣಾಚಲಂ ಒಂದು ದಿನ ಕೂಗಾಡಿ ಸುಮ್ಮನಾಗುತ್ತಿದ್ದರು. ಸಂಖ್ಯೆ ಕಳೆದರೆ ಮನುಷ್ಯ ಯಾರ ಚೀಲ ತಡಕಬೇಕು, ಯಾವ ಬೀರುವಿನ ಹಿಂದೆ ಇಣುಕಬೇಕು?

ಸುದ್ದಿ ತಂದದ್ದು ಆಡಿಟರ್ ಫೋನು. ತಿಂಗಳ ಜಿಎಸ್‌ಟಿ ಲೆಕ್ಕ ಕಟ್ಟಲು ಕೂತ ಆ ಪುಣ್ಯಾತ್ಮರು, ಬಿಲ್ಲುಗಳ ನಂಬರು ಒಂದಾದ ಮೇಲೊಂದು ಸಾಲಾಗಿ ಬರಬೇಕು, ಹಲ್ಲು ಬಿದ್ದ ಬಾಯಿಯ ಹಾಗೆ ನಡುವೆ ಸಂದು ಕಾಣಬಾರದು, ಕಂಡರೆ ಆಫೀಸರು ಕೇಳುತ್ತಾರೆ ಎಂದು ಹೇಳಿ ಫೋನ್ ಇಟ್ಟುಬಿಟ್ಟರು. ಆಮೇಲೆ ಅವರು ನೆಮ್ಮದಿಯಾಗಿ ತಿಂಡಿ ತಿಂದಿರಬೇಕು. ಇಲ್ಲಿ ಅರುಣಾಚಲಂ ಬಾಯಲ್ಲಿದ್ದ ಇಡ್ಲಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ.

"ತಿಮ್ಮಾ! ಬಾರ್ಲಾ ಇಲ್ಲಿ! ನಾನೂರ ಹದಿನೇಳು ಎಲ್ಲೋಯ್ತು?"

ತಿಮ್ಮರಾಜು ಆ ಅಂಗಡಿಯ ಹಳೆಯ ಗುಮಾಸ್ತ. ಮೊದಲನೇ ಕೌಂಟರಿನಲ್ಲಿ ಕೂತು ಬಿಲ್ಲು ಹಾಕುವುದು ಅವನ ಕೆಲಸ. ಊರು ಕಾರಿಮಂಗಲಂ ಪಕ್ಕ. ಹೆಂಡತಿ ಅರ್ಚನಾ, ಮಗಳು, ಎರಡು ಎಮ್ಮೆ, ಎಲ್ಲ ಅಲ್ಲಿ. ಇವನೊಬ್ಬ ಸೇಲಂನಲ್ಲಿ ಒಂದು ರೂಮು ಹಿಡಿದು, ಹೋಟೆಲ್ ಸಾಂಬಾರು ಉಂಡು, ಭಾನುವಾರ ಬಂತೆಂದರೆ ಮೊದಲ ಬಸ್ಸಿಗೆ ಓಡುವವನು. ಬಾಲವಾಡಿಯ ಟೀಚರು ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದ್ದಕ್ಕೆ ಮಗಳು, "ಭಾನುವಾರ ಬತ್ತಾರೆ" ಎಂದಿದ್ದಳಂತೆ. ಅದನ್ನು ಕೇಳಿದ ದಿನ ತಿಮ್ಮರಾಜು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಸೇಲಂ ಮುಟ್ಟಿದ್ದ.

ಈಗ ಆ ಕಷ್ಟ ಮುಗಿಯುವ ಕಾಲ ಬಂದಿತ್ತು. ಅರುಣಾಚಲಂ ಧರ್ಮಪುರಿಯಲ್ಲಿ ಇನ್ನೊಂದು ಅಂಗಡಿ ತೆರೆಯುವವರಿದ್ದರು. ಅದಕ್ಕೆ ಮ್ಯಾನೇಜರ್ ಯಾರು ಎಂಬುದನ್ನು ಇವತ್ತು ಸಂಜೆ ದೀಪ ಹಚ್ಚಿದ ಮೇಲೆ ಹೇಳುತ್ತೇನೆ ಎಂದಿದ್ದರು. ಹೇಳುವುದೇನು ಬಂತು, ಅದು ತಿಮ್ಮರಾಜುವೇ ಎಂದು ಇಡೀ ಅಂಗಡಿಗೆ ಗೊತ್ತಿತ್ತು. ಧರ್ಮಪುರಿಯಿಂದ ಕಾರಿಮಂಗಲಕ್ಕೆ ಬಸ್ಸು ಹತ್ತಿದರೆ ಒಂದು ನಿದ್ದೆ ಪೂರ್ತಿಯಾಗುವುದಿಲ್ಲ. ದಿನಾ ರಾತ್ರಿ ಮನೆಯ ಮುದ್ದೆ ಉಣ್ಣಬಹುದು. ಅರ್ಚನಾ ಈಗಾಗಲೇ ಬೀದಿಗೆಲ್ಲ ಹೇಳಿ ಮುಗಿಸಿದ್ದಳು.

ಇಂಥ ದಿನವೇ ನಾನೂರ ಹದಿನೇಳು ಮಾಯವಾಗಬೇಕೇ?

"ಎಲ್ಲಿಗೋಯ್ತದೆ ಮೊದಲಾಳಿ, ಒಳಗೇ ಇರ್ತದೆ," ಎಂದು ಯಜಮಾನರಿಗೆ ಹೇಳುತ್ತ ತಿಮ್ಮರಾಜು ಕಂಪ್ಯೂಟರಿನ ಮುಂದೆ ಕೂತ. ಮೇಲೆ ಕೆಳಗೆ ತಳ್ಳಿ ನೋಡಿದ. ಇರಲಿಲ್ಲ. ಕನ್ನಡಕ ಒರೆಸಿ ನೋಡಿದ. ಆಗಲೂ ಇರಲಿಲ್ಲ.

"ಇಲ್ಲ ಮೊದಲಾಳಿ."

"ಇಲ್ಲ ಅಂತ ನಂಗೂ ಗೊತ್ತು. ಯಾರು ತಗಂಡ್ರು ಅದೇಳು."

ಅರುಣಾಚಲಂ ಕೆಟ್ಟ ಮನುಷ್ಯರಲ್ಲ. ದೀಪಾವಳಿಗೆ ಕೈತುಂಬ ಕೊಡುವವರು, ಕೆಲಸದವರ ಮನೆಯ ಮದುವೆಗೆ ಪಂಚೆ ಶಲ್ಯ ಕಳಿಸುವವರು. ಆದರೆ ನಂಬುವುದೊಂದು ಅವರ ಮೈಗೆ ಒಗ್ಗುತ್ತಿರಲಿಲ್ಲ. ಬೀಗ ಹಾಕಿ, ಜಗ್ಗಿ, ನಾಲ್ಕು ಹೆಜ್ಜೆ ಹೋಗಿ, ವಾಪಸು ಬಂದು ಇನ್ನೊಮ್ಮೆ ಜಗ್ಗುವ ಜಾತಿ. ನೆರಳು ಹಿಂದೆ ಬಂದರೂ ಯಾಕೆ ಬಂದೆ ಎಂದು ಕೇಳಿಯಾರು ಎಂದು ಬೀದಿಯವರು ನಗುತ್ತಿದ್ದರು. ಅಂಥವರ ಅಂಗಡಿಗೆ ಏಪ್ರಿಲ್‌ನಲ್ಲಿ ಹೊಸ ಏರ್ಪಾಡು ಬಂದಿತ್ತು. ಅಲ್ಲಿಯತನಕ ಬಿಲ್ ಬುಕ್ಕಿನಲ್ಲಿ ಕೈಬರಹ. ಈಗ ಮೂರು ಕಂಪ್ಯೂಟರು: ಒಂದು ತಿಮ್ಮರಾಜು ಮುಂದೆ, ಒಂದು ಎರಡನೇ ಕೌಂಟರಿನ ಶಶಿಕಲಾ ಮುಂದೆ, ಇನ್ನೊಂದು ಹಿಂದಿನ ಗೋಡೌನಿನಲ್ಲಿ ಮಾರಿಯಪ್ಪನ ಮುಂದೆ. ಮೂರಕ್ಕೂ ಒಂದೇ ಲೆಕ್ಕ. ಕೆಂಪು ಸ್ಟಿಕ್ಕರ್ ಅಂಟಿಸಿದ ಗುಂಡಿ ಒತ್ತಿದರೆ ಹೊಸ ಬಿಲ್ಲು ತೆರೆಯುತ್ತದೆ, ಅದರ ನೆತ್ತಿಯ ಮೇಲೆ ನಂಬರು ತಾನಾಗಿ ಬಂದು ಕೂರುತ್ತದೆ. ಮೂವರೂ ಒಟ್ಟಿಗೆ ಒತ್ತಿದರೂ ಮೂವರಿಗೂ ಬೇರೆ ಬೇರೆ ನಂಬರು. ಅದು ಹೇಗೆಂದು ಯಾರೂ ಕೇಳಿರಲಿಲ್ಲ.

ಮೊದಲು ಶಶಿಕಲಾಳನ್ನು ಕರೆದರು. ಅವಳು ಎಡಪ್ಪಾಡಿಯ ನೇಯ್ಗೆಯವರ ಮನೆಯ ಹೆಣ್ಣು, ಮಾತಿಗೆ ಯಾರಿಗೂ ಸೋತವಳಲ್ಲ.

"ನನ್ನ ಯಾಕ್ ಕೇಳ್ತೀರಾ ಮೊದಲಾಳಿ? ಗೋಡೌನ್ ಒಳಗೆ ಒಬ್ರು ಮಧ್ಯಾನ ಉಂಡು ಕೀಬೋರ್ಡ್ ಮೇಲೆ ತಲೆ ಇಟ್ಟು ಮಲಗ್ತಾರಲ್ಲ, ಅವ್ರನ್ನ ಕೇಳಿ. ತಲೆ ಯಾವ ಗುಂಡಿ ಒತ್ತುತೋ ಯಾರ್ ಕಂಡ್ರು?"

ಮಾರಿಯಪ್ಪ ಗೋಡೌನಿನಿಂದ ಓಡಿಬಂದ. ಕೆನ್ನೆಯ ಮೇಲೆ ಕೀಬೋರ್ಡಿನ ಗುಂಡಿಗಳ ಗುರುತು ಇನ್ನೂ ಮಾಸಿರಲಿಲ್ಲ.

"ಪೊಯ್! ಶುದ್ಧ ಸುಳ್ಳು! ನಾನು ಕಣ್ ಮುಚ್ಚಿ ಸರಕು ಲೆಕ್ಕ ಹಾಕ್ತಿರ್ತೀನಿ. ಈಯಮ್ಮ ಗಿರಾಕಿ ಮುಂದೆ ಇರೋವಾಗ್ಲೇ ಅವ್ರ ತಂಗಿ ಜೊತೆ ವೀಡಿಯೋ ಕಾಲ್ ಮಾಡ್ತದಲ್ಲ, ಅದು ಯಾವ ಲೆಕ್ಕ?"

ಇಬ್ಬರ ಗಲಾಟೆಗೆ ಪಕ್ಕದ ಬೆಳ್ಳಿ ಕಾಲ್ಗೆಜ್ಜೆ ಅಂಗಡಿಯ ಗೋಪಿನಾಥ್ ಬಂದು ಬಾಗಿಲಲ್ಲಿ ನಿಂತರು. ತಮ್ಮ ಅಂಗಡಿಯಲ್ಲಿ ಗಿರಾಕಿ ಇದ್ದರೂ ಪಕ್ಕದಂಗಡಿಯಲ್ಲಿ ಜಗಳವಿದ್ದರೆ ಅವರು ಜಗಳಕ್ಕೇ ಬರುವವರು. ವಿಷಯ ಕೇಳಿ ತಲೆ ಆಡಿಸಿದರು.

"ಅರುಣಾಚಲಂ, ನನ್ನ ಮಾವನ ಅಂಗಡೀಲೂ ಇಂಗೇ ಆಗಿತ್ತು. ಬಿಲ್ ಹಾಕೋದು, ಗಿರಾಕಿಗೆ ಕಾಗ್ದ ಕೊಡೋದು, ಅಪ್ಪುರಂ, ಅವ್ನು ಓದ್ಮೇಲೆ, ಅದನ್ನ ಅಳಿಸಿಬಿಡೋದು. ಸರಕು ಓಯ್ತು, ಗುರುತು ಇಲ್ಲ. ಕೊನೆಗೆ ಯಾರು ಅಂತೀಯ? ಎಲ್ಲಾರ್ಗಿಂತ ಹಳೇ ಗುಮಾಸ್ತ."

ಹೇಳಿ ಅವರು ತಿಮ್ಮರಾಜು ಕಡೆ ನೋಡಲಿಲ್ಲ. ನೋಡದೆ ಇದ್ದ ರೀತಿಯೇ ಎಲ್ಲರೂ ನೋಡುವಂತಿತ್ತು.

ತಿಮ್ಮರಾಜು ಲೆಕ್ಕ ಹಾಕಿದ. ಸಂಜೆಯೊಳಗೆ ಈ ನಂಬರು ಸಿಗದಿದ್ದರೆ ಧರ್ಮಪುರಿ ಕೈತಪ್ಪುತ್ತದೆ. ಸಿಕ್ಕಿದರೆ, ಅದೂ ತನ್ನ ಕೈಗೇ ಸಿಕ್ಕಿದರೆ, ಮ್ಯಾನೇಜರ್ ಅಂದರೆ ಇವನಪ್ಪ ಅನ್ನುತ್ತಾರೆ. ಹೀಗೆ ಯೋಚಿಸಿ, ನಾನೇ ಹುಡುಕಿಕೊಡುತ್ತೇನೆ ಎಂದು ಮುಂದೆ ಬಿದ್ದ. ಯಾವ ಕೆಟ್ಟ ಗಳಿಗೆಯಲ್ಲಿ ಆ ಮಾತು ಆಡಿದನೋ!

ಏಪ್ರಿಲ್ ಒಂದರಿಂದ ಬಿಲ್ಲುಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಹೋದ. ಕಾಣೆಯಾದದ್ದು ನಾನೂರ ಹದಿನೇಳು ಒಂದೇ ಅಲ್ಲ. ದಿನಕ್ಕೊಂದು ಹೋಗಿತ್ತು. ಹಿಂದಿನ ಸಂಜೆಯ ಕೊನೆಯ ಬಿಲ್ಲಿಗೂ ಮಾರನೇ ಬೆಳಿಗ್ಗೆಯ ಮೊದಲ ಬಿಲ್ಲಿಗೂ ನಡುವೆ, ತಪ್ಪದೆ, ಒಂದು ನಂಬರು. ಆಡಿಟರ್ ಕಣ್ಣಿಗೆ ಬಿದ್ದದ್ದು ಅವುಗಳಲ್ಲಿ ಒಂದು ಮಾತ್ರ.

"ಮೊದಲಾಳಿ, ಸಿಕ್ತು!" ತಿಮ್ಮರಾಜು ಹೆಮ್ಮೆಯಿಂದ ಕೂಗಿದ. "ದಿನಾ ಒಂದೊಂದು ಓಗೈತೆ! ಅದೂ ವ್ಯಾಪಾರ ಸುರುವಾಗಕ್ಕೆ ಮುಂಚೆ!"

ಅರುಣಾಚಲಂ ಮುಖ ಮೊದಲು ಬಿಳುಚಿತು, ಆಮೇಲೆ ಕೆಂಪಾಯಿತು.

"ಅಂದ್ರೆ ಯಾರೋ ನಾವು ಬರಕ್ಕೆ ಮುಂಚೆ ಬಂದು, ದಿನಾ ಒಂದು ಯಾವಾರ ಮುಗಿಸಿ ಓಗ್ತಾವ್ರೆ."

"ಅಂಗೇ ಅನ್ಸುತ್ತೆ ಮೊದಲಾಳಿ."

"ಬೆಳಿಗ್ಗೆ ಬೀಗದ ಕೈ ಯಾರ ತಾವ ಇರ್ತದೆ?"

ಬೀಗದ ಕೈ ತಿಮ್ಮರಾಜುವಿನ ಸೊಂಟದಲ್ಲೇ ನೇತಾಡುತ್ತಿತ್ತು. ತನ್ನ ಕುಣಿಕೆ ತಾನೇ ಹೊಸೆದು, ಅದು ಗಟ್ಟಿಯಾಗಿದೆಯೇ ನೋಡಿ ಎಂದು ತಾನೇ ಕೊಟ್ಟ ಹಾಗಾಗಿತ್ತು ಅವನ ಸ್ಥಿತಿ.

"ನಾನು ಬರೀ ಬಾಗ್ಲು ತೆಗೀತೀನಿ ಮೊದಲಾಳಿ! ತೆಗೆದ ತಕ್ಷಣ ಟೀ ಕುಡಿಯಕ್ಕೆ ಓಗ್ತೀನಿ! ಸತ್ಯವಾಗ್ಲೂ! ಬೇಕಾದ್ರೆ ಟೀ ಅಂಗಡೀಲಿ ಕೇಳಿ!"

"ಓಹೋ. ಕಳ್ಳನಲ್ಲ ಅಂತ ತೋರ್ಸಕ್ಕೆ, ಅಂಗಡಿ ಬಾಗ್ಲು ತೆರೆದಿಟ್ಟು ಟೀಗೆ ಓಗ್ತೀನಿ ಅಂತೀಯ. ಚೆನ್ನಾಗೈತೆ."

"ಬಾಗ್ಲು ಸುಮ್ನೆ ತೆರೆದಿರಲ್ಲ ಮೊದಲಾಳಿ. ದೊಡ್ಡವ್ವ ಬಂದು ದೀಪ ಹಚ್ತಾ ಇರ್ತಾರಲ್ಲ."

"ನಮ್ಮವ್ವನ್ನ ಯಾಕ್ ಎಳೀತೀಯ ಇದಕ್ಕೆ?" ಅರುಣಾಚಲಂ ಗುಡುಗಿದರು.

ಅಷ್ಟರಲ್ಲಿ ತಿಮ್ಮರಾಜುವಿನ ಜೇಬಿನ ಫೋನು ಅತ್ತಿತು. ಅರ್ಚನಾ.

"ಏನಂದ್ರೆ, ನಿಮ್ಮ ಮೊದಲಾಳಿ ಹೇಳಿದ್ರಾ? ಪಕ್ಕದ ಮನೆ ರಾಜಾತಿ ಪಾಯಸಕ್ಕೆ ಹಾಲು ಕೊಟ್ಟವ್ಳೆ. ನೀವು ಮ್ಯಾನೇಜರ್ ಆದ್ಮೇಲೆ ನಿಮ್ಮನ್ನ 'ಸಾರ್' ಅನ್ಬೇಕಾ ಅಂತ ಮಗಳು ಕೇಳ್ತಾಳೆ."

"ಅಪ್ಪುರಂ ಮಾತಾಡ್ತೀನಿ," ಎಂದು ಪಿಸುಗುಟ್ಟಿ ಫೋನ್ ಇಟ್ಟ. ಇಟ್ಟ ಮೇಲೆ ನೋಡುತ್ತಾನೆ, ಎಲ್ಲರ ಕಣ್ಣೂ ಫೋನಿನ ಮೇಲೆ.

"ಯಾರದು?" ಎಂದರು ಗೋಪಿನಾಥ್. "ಮಾಲು ತಗೋಳೋನಾ?"

ಮಧ್ಯಾಹ್ನದ ಹೊತ್ತಿಗೆ ತಿಮ್ಮರಾಜುವಿನ ಬದುಕು ಪೂರ್ತಿ ಕೆಟ್ಟಿತ್ತು. ಅವನ ಊಟದ ಡಬ್ಬಿಯನ್ನು ಮಾರಿಯಪ್ಪ ಅಲ್ಲಾಡಿಸಿ ನೋಡಿದ. ಶಶಿಕಲಾ ತನ್ನ ಕೈಚೀಲವನ್ನು ಅವನ ಕಡೆಯಿಂದ ಈ ಕಡೆಗೆ ಎತ್ತಿಟ್ಟುಕೊಂಡಳು. ಮಾರಿಯಪ್ಪ ಮತ್ತು ಶಶಿಕಲಾ, ಬೆಳಿಗ್ಗೆ ಒಬ್ಬರ ಮೇಲೊಬ್ಬರು ಉರಿದು ಬಿದ್ದವರು, ಈಗ ಒಂದೇ ಬಾಳೆ ಎಲೆಯಲ್ಲಿ ಬಜ್ಜಿ ತಿನ್ನುತ್ತ ಹಳೆಯ ಸಂಗತಿಗಳನ್ನೆಲ್ಲ ನೆನೆಸಿಕೊಳ್ಳುತ್ತಿದ್ದರು. ತಿಮ್ಮಣ್ಣ ಹೊಸ ಚಪ್ಪಲಿ ತಂದದ್ದು ಯಾವಾಗ? ಊರಲ್ಲಿ ಎರಡನೇ ಎಮ್ಮೆ ಕಟ್ಟಿದ್ದು ಯಾವಾಗ? ಏಪ್ರಿಲ್‌ನಲ್ಲೇ ಅಲ್ಲವೇ? ಎಮ್ಮೆ ಮನೆಯಲ್ಲೇ ಹುಟ್ಟಿದ ಕರು ಬೆಳೆದು ಆದದ್ದೆಂದು ತಿಮ್ಮರಾಜು ಹೇಳಿದರೆ, ಅಷ್ಟು ಬೇಗ ಬೆಳೀತಾ ಎಂದು ಅದರ ಮೇಲೂ ಅನುಮಾನ ಬಂತು.

ಗೋಪಿನಾಥ್ ಮೂರನೇ ಸಲ ಬಂದು ಪರಿಹಾರ ಹೇಳಿದರು. "ಮಾತಿನಿಂದ ಆಗಲ್ಲ ಅರುಣಾಚಲಂ. ಕರ್ಪೂರ ಹಚ್ಚಿಸು. ಆ ಕಂಪ್ಯೂಟರ್ ಮುಂದೇನೇ ಹಚ್ಚಿ, ಅಂಗೈಯಲ್ಲಿ ಹೊಡೆದು ಆರ್ಸಿ, ನಾನು ನಂಬರ್ ತಗಂಡಿಲ್ಲ ಅಂತ ಆಣೆ ಇಡ್ಲಿ. ತಗಂಡೋನ ಕೈ ನಡುಗ್ತದೆ."

ಈ ಆಣೆ ಅಂದರೆ ನಮ್ಮ ಜನಕ್ಕೆ ಹುಡುಗಾಟವಲ್ಲ. ಕೋರ್ಟಿನಲ್ಲಿ ಸುಳ್ಳು ಹೇಳಿ ಬಂದವನೂ ಉರಿಯುವ ಕರ್ಪೂರದ ಮುಂದೆ ಕೈ ಹಿಂದೆ ಎಳೆಯುತ್ತಾನೆ. ಅರುಣಾಚಲಂ ಒಪ್ಪಿದರು. ಆಣೆ ಹಾಕಿಸಲು ಮನೆಯ ಹಿರಿಯರೇ ಬೇಕು, ಹಾಗಾಗಿ ಅಂಗಡಿಯ ಹಿಂದಿನ ಮನೆಯಿಂದ ತಾಯಿ ಪಳನಿಯಮ್ಮನವರನ್ನು ಕರೆಸಿದರು. ಅಂಗಡಿಯವರೆಲ್ಲ ದೊಡ್ಡವ್ವ ಎಂದು ಕರೆಯುವ ಈ ಮುದುಕಿ ಬೀಗ ತೆಗೆದ ಕೂಡಲೇ ಬಂದು, ದೇವರಿಗೆ ದೀಪ ಹಚ್ಚಿ, ಅಂಗಡಿಯ ಮೂಲೆ ಮೂಲೆಗೂ ವಿಭೂತಿ ಹಚ್ಚಿ ಹೋಗುವವರು. ಮಗ ಯಾರನ್ನೂ ನಂಬದಿದ್ದರೂ ತಾಯಿಯ ಮಾತು ಮೀರಿದವರಲ್ಲ.

ದೊಡ್ಡವ್ವ ಬಂದರು. ವಿಷಯ ಅರ್ಧ ಕೇಳಿಸಿಕೊಂಡರು, ಅಂಗಡಿಯಲ್ಲಿ ಯಾರೋ ಏನೋ ಕದ್ದಿದ್ದಾರೆ, ಆಣೆ ಹಾಕಿಸಬೇಕು ಎಂಬಷ್ಟು. ತಿಮ್ಮರಾಜುವಿನ ಕಂಪ್ಯೂಟರಿನ ಮುಂದೆ ತಟ್ಟೆ ಇಟ್ಟು ಮಾರಿಯಪ್ಪ ಕರ್ಪೂರ ಹಚ್ಚಲು ಹೋದ.

"ತಡೀಲಾ!" ಎಂದರು ದೊಡ್ಡವ್ವ. "ಸುಳಿ ಹಾಕ್ದೆ ಕರ್ಪೂರ ಹಚ್ತೀಯಾ? ಬುದ್ಧಿ ಐತಾ ನಿಂಗೆ? ಸರಿ ಅತ್ಲಾಗೆ."

ಯಾವುದನ್ನೇ ಬರೆಯುವ ಮುಂಚೆ ಹಾಳೆಯ ನೆತ್ತಿಯ ಮೇಲೆ ಪಿಳ್ಳೈಯಾರ್ ಸುಳಿ ಹಾಕುವುದು ಈ ಕಡೆಯ ಪದ್ಧತಿ. ಗಣಪತಿಯ ಹೆಸರಿನ, ಕೊನೆಗೆ ಬಾಲ ಎಳೆದ ಒಂದು ಸಣ್ಣ ಸುತ್ತು, ಅದಿಲ್ಲದೆ ಮದುವೆ ಓಲೆಯಿಂದ ದಿನಸಿ ಚೀಟಿಯವರೆಗೆ ಏನೂ ಆರಂಭವಾಗುವುದಿಲ್ಲ. ದೊಡ್ಡವ್ವ ಕುರ್ಚಿಯ ಮೇಲೆ ಜರುಗಿ ಕೂತರು. ಎಷ್ಟೋ ದಿನದ ಅಭ್ಯಾಸದ ಕೈಯಲ್ಲಿ ಕೆಂಪು ಸ್ಟಿಕ್ಕರ್ ಗುಂಡಿಯನ್ನು ಒತ್ತಿದರು. ಹೊಸ ಬಿಲ್ಲು ತೆರೆಯಿತು. ಅದರ ನೆತ್ತಿಯ ಮೇಲೆ ಹೊಸ ನಂಬರು ಬಂದು ಕೂತಿತು. ದೊಡ್ಡವ್ವ ಗಿರಾಕಿಯ ಹೆಸರು ಬರೆಯುವ ಜಾಗದಲ್ಲಿ ಎರಡರ ಅಂಕಿಯನ್ನು ಒತ್ತಿದರು.

"ಗುಂಡಿಗಳಲ್ಲಿ ಇದೊಂದೇ ನೋಡು ಸುಳಿ ತರ ಇರೋದು," ಎಂದು ಎಲ್ಲರಿಗೂ ಹೇಳಿ, ಪರದೆಗೆ ಕೈ ಮುಗಿದು, ಕುಂಕುಮ ಇಟ್ಟು, ಮೇಲಿನ ಮೂಲೆಯ ಕತ್ತರಿ ಗುರುತಿನ ಮೇಲೆ ಬಾಣ ತಂದು ಒತ್ತಿದರು. ಬಿಲ್ಲು ಮುಚ್ಚಿತು.

ಶಶಿಕಲಾ ತನ್ನ ಕೌಂಟರಿಗೆ ಹೋಗಿ ಮೆಲ್ಲಗೆ ಕೆಂಪು ಗುಂಡಿ ಒತ್ತಿ ನೋಡಿದಳು. ಮುಂದಿನ ನಂಬರು ಬಂತು. ದೊಡ್ಡವ್ವ ಮುಚ್ಚಿದ್ದು ಎಲ್ಲೂ ಇರಲಿಲ್ಲ.

"ಅವ್ವಾ," ಅರುಣಾಚಲಂ ದನಿ ಕೀರಲಾಯಿತು, "ಇದನ್ನ ದಿನಾ ಮಾಡ್ತೀಯಾ?"

"ಮಾಡ್ದೆ? ಬಿಲ್ ಬುಕ್ ಇದ್ದಾಗ ಹೊಸ ಬುಕ್ಕಿನ ಮೊದಲ್ನೇ ಎಲೆ ದೇವ್ರಿಗೆ ಬಿಡ್ತಿರಲಿಲ್ವಾ? ನಿಮ್ಮಪ್ಪ ಇರೋವಾಗಿಂದ ಬಿಟ್ಟಿರೋದು. ಈಗ ಬುಕ್ಕು ಇಲ್ಲ ಅಂತೀಯ, ಅದಕ್ಕೆ ದಿನದ ಮೊದಲ್ನೇ ಎಲೆ ಬಿಡ್ತೀನಿ. ಶಶೀನೇ ತೋರ್ಸಿಕೊಟ್ಟಿದ್ದು, ಹೊಸ ಎಲೆ ಎಲ್ಲೈತೆ ಅಂತ. ಬಂಗಾರದಂತಾ ಹುಡುಗಿ."

ಬಂಗಾರದಂಥ ಹುಡುಗಿಗೆ ಇದ್ದಕ್ಕಿದ್ದಂತೆ ಕೆಮ್ಮು ಹತ್ತಿತು.

ಇಡೀ ದಿನ ಕಳ್ಳ ಅನ್ನಿಸಿಕೊಂಡವನಿಗೆ ಆ ಗಳಿಗೆಯಲ್ಲಿ ಆದ ಸಂತೋಷವನ್ನು ಏನೆಂದು ಹೇಳುವುದು? ತಿಮ್ಮರಾಜು ಎರಡು ಕೈ ಎತ್ತಿ ಕುಣಿದುಬಿಟ್ಟ. ಕುಣಿಯುತ್ತ ದೊಡ್ಡವ್ವನ ಕಡೆ ಬೆರಳು ತೋರಿಸಿ, "ಇವರೇ! ಮೊದಲಾಳಿ, ಇವರೇ! ನಂಬರೆಲ್ಲ ತಗಂಡಿರೋದು ಇವರೇ!" ಎಂದು ಬೀದಿಗೆ ಕೇಳುವಂತೆ ಕೂಗಿದ.

ಕೂಗಿದ ಮೇಲೆ ಬೆರಳು ಯಾರ ಕಡೆ ಇದೆ ಎಂದು ಕಂಡಿತು. ಕೆಳಗೆ ಇಳಿಸಲು ನೋಡಿದ, ಅದು ಇಳಿಯಲಿಲ್ಲ.

"ಯಾರನ್ನಲಾ ಇವರೇ ಅಂತಿ?" ದೊಡ್ಡವ್ವ ಎದ್ದು ನಿಂತರು. "ನಾನು ಕಳ್ಳೀನಾ? ನಿನ್ನ ಮದುವೆಗೆ ಪಂಚೆ ಆಯ್ದು ಕೊಟ್ಟ ಕೈ ಇದು! ಅರುಣಾಚಲಾ, ನೋಡ್ದಾ? ನನ್ನ ಕಳ್ಳಿ ಅಂತಾನೆ!"

ಅಲ್ಲಿಗೆ ಕತೆ ಮುಗಿಯಿತು ಎಂದುಕೊಂಡ ತಿಮ್ಮರಾಜು. ಅರುಣಾಚಲಂ ಮಾತ್ರ ಅವನನ್ನೇ ನೋಡುತ್ತ ನಿಂತಿದ್ದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಏನೋ ಹೊಸದಿತ್ತು. ಆದರೆ ತಿಮ್ಮರಾಜುವಿಗೆ ಅದನ್ನು ಓದುವ ಧೈರ್ಯ ಇರಲಿಲ್ಲ. ದೊಡ್ಡವ್ವನ ಕಾಲಿಗೆ ಬಿದ್ದ, ಎದ್ದ, ಮತ್ತೆ ಬಿದ್ದ. ಎರಡನೇ ಸಲಕ್ಕೆ ದೊಡ್ಡವ್ವ ಕರಗಿ ಅವನ ಹಣೆಗೆ ವಿಭೂತಿ ಹಚ್ಚಿದರು.

ಆಮೇಲೆ ಸಾಫ್ಟ್‌ವೇರ್ ಹಾಕಿಕೊಟ್ಟ ಗೋಕುಲ್‌ಗೆ ಫೋನ್ ಮಾಡಿ, ಅರುಣಾಚಲಂ ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದರು. ಅವನು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ.

"ಸಾರ್, ಅದು ಆಸ್ಪತ್ರೆ ಟೋಕನ್ ತರ. ಕೊಟ್ಟ ಮೇಲೆ ವಾಪಸ್ ತಗೊಳಲ್ಲ. ನೀವು ಒಂದು ನಂಬರ್ ಹಿಡ್ಕೊಂಡಿರೋವಾಗ ಪಕ್ಕದ ಮಷೀನಿಗೆ ಮುಂದಿನ ನಂಬರ್ ಹೋಗಿರ್ತದೆ. ನೀವು ಬಿಲ್ ಹಾಕದೆ ಮುಚ್ಚಿದ್ರೆ ನಿಮ್ಮ ನಂಬರ್ ಅಷ್ಟೇ, ಓಯ್ತು. ಒಂದು ಕೆಲಸ ಮಾಡ್ತೀನಿ. ಬಿಲ್ ತೆಗೆದಾಗ ನಂಬರ್ ಬೇಡ, ಮುಗಿಸಿ ಸೇವ್ ಮಾಡಿದಾಗ ಬರ್ಲಿ. ಮೂರು ಮಷೀನು ಒಟ್ಟಿಗೆ ಕೇಳಿದ್ರೆ ಒಂದರ ಹಿಂದೆ ಒಂದು ಕ್ಯೂ ನಿಲ್ತಾವೆ. ಆಗ ಒಂದೂ ತಪ್ಪಲ್ಲ. ಹತ್ತು ನಿಮಿಷದ ಕೆಲಸ."

ತಿಮ್ಮರಾಜುವಿಗೆ ಹೋದ ಜೀವ ಬಂತು. ಹತ್ತು ನಿಮಿಷ! ಕಳ್ಳ ಇಲ್ಲ, ಕಳವಿಲ್ಲ, ಹತ್ತು ನಿಮಿಷದಲ್ಲಿ ಎಲ್ಲ ಸರಿ. ಸಂಜೆ ದೀಪ ಹಚ್ಚಿದರೆ ಧರ್ಮಪುರಿ ತನ್ನದೇ.

"ನಂಬರಿಲ್ಲದ ಎಲೆ ದೇವ್ರಿಗೆ ಬಿಡೋದಾ?" ಎಂದರು ದೊಡ್ಡವ್ವ. "ಎಲೆ ಅಂದ್ಮೇಲೆ ನಂಬರ್ ಇರ್ಬೇಕು. ನಂಬರಿಲ್ಲ ಅಂದ್ರೆ ದೇವ್ರಿಗೆ ಹೆಂಗೆ ಗೊತ್ತಾಗ್ಬೇಕು, ಕೊಟ್ಟಿದ್ದಾರೆ ಅಂತ?"

ಅರುಣಾಚಲಂ ಫೋನಿನ ಕಡೆ ಬಗ್ಗಿ, "ಹತ್ತು ನಿಮಿಷದಲ್ಲಿ ಮಾಡ್ತೀನಿ ಅಂದ್ಯಾ?" ಎಂದು ಕೇಳಿದರು.

"ಆಮಾ ಸಾರ್. ಇಲ್ಲಿಂದಲೇ, ನನ್ನ ಮನೆಯಿಂದಲೇ."

"ಅಪ್ಪುರಂ ಮಾತಾಡ್ತೀನಿ," ಎಂದು ಫೋನ್ ಇಟ್ಟರು. ಇಟ್ಟು, ಗೋಪಿನಾಥ್ ಕಡೆ ತಿರುಗಿ ದನಿ ತಗ್ಗಿಸಿದರು. "ನೋಡ್ದಾ? ಮನೇಲಿ ಕೂತು ಹತ್ತು ನಿಮಿಷದಲ್ಲಿ ನನ್ನ ನಂಬರೆಲ್ಲ ಬದಲಾಯಿಸೋನು, ಇನ್ನೊಂದು ಹತ್ತು ನಿಮಿಷದಲ್ಲಿ ಏನು ಬೇಕಾದ್ರೂ ಮಾಡ್ತಾನೆ."

"ಅದೇ ನಾನೂ ಅನ್ಕಂಡೆ," ಎಂದರು ಗೋಪಿನಾಥ್.

ಆಡಿಟರ್‌ಗೆ ಫೋನ್ ಮಾಡಿದರೆ ಅವರು, ಸರಿ ಬಿಡಿ, ದೇವರ ನಂಬರನ್ನು ದಿನಾ ರದ್ದಾದ ಬಿಲ್ಲು ಎಂದು ತೋರಿಸಿದರಾಯಿತು ಎಂದರು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈ ತೊಳೆದುಕೊಂಡು ಕಾಫಿ ತರಿಸುತ್ತಿದ್ದರು. ಅರುಣಾಚಲಂಗೆ ಅದರಿಂದ ಹೊಸ ಭಯ ಹುಟ್ಟಿತು. ದೇವರ ಹೆಸರಿನಲ್ಲಿ ಒಂದು ಸಂದು ಇದೆ ಎಂದು ಗೊತ್ತಾದ ಮೇಲೆ ಅದರ ಪಕ್ಕದಲ್ಲೇ ಮನುಷ್ಯರೂ ಒಂದೊಂದು ಸಂದು ಮಾಡಿಕೊಂಡರೆ? ಯಾವುದು ಗಣಪತಿ ಮಾಡಿದ್ದು, ಯಾವುದು ಮಾರಿಯಪ್ಪ ಮಾಡಿದ್ದು ಎಂದು ಹೇಗೆ ತಿಳಿಯುವುದು?

ಸಂಜೆ ದೀಪ ಹಚ್ಚಿದರು. ಎಲ್ಲರೂ ನಿಂತರು. ತಿಮ್ಮರಾಜು ಮುಖ ತೊಳೆದು ತಲೆ ಬಾಚಿಕೊಂಡಿದ್ದ. ಅರುಣಾಚಲಂ ದೀಪಕ್ಕೆ ಕೈ ಮುಗಿದು ಮಾತು ಶುರುಮಾಡಿದರು.

"ಇವತ್ತು ನಾನು ಒಂದು ವಿಷ್ಯ ಕಲ್ತೆ. ಇಷ್ಟು ವರ್ಷದಲ್ಲಿ ನಾನು ಯಾರನ್ನೂ ನಂಬಿಲ್ಲ. ಇವತ್ತು ನಮ್ಮ ತಿಮ್ಮ, ನನ್ನ ಹೆತ್ತ ತಾಯಿ ತಪ್ಪು ಮಾಡಿದ್ರೂ, ನನ್ನ ಎದುರಿಗೇ, ಬೆರಳು ತೋರ್ಸಿ ಹೇಳ್ದ. ನನ್ನ ತಾಯೀನೇ ಬಿಡದೋನು ಇನ್ಯಾರನ್ನ ಬಿಡ್ತಾನೆ? ಇಂತೋನು ಸೇಲಂ ಜಿಲ್ಲೆಲೇ ಸಿಗಲ್ಲ."

ತಿಮ್ಮರಾಜುವಿನ ಕಣ್ಣು ತುಂಬಿ ಬಂತು. ದುಃಖಕ್ಕಲ್ಲ, ಬಸ್ಸಿನ ನೆನಪಿಗೆ. ಧರ್ಮಪುರಿ, ಕಾರಿಮಂಗಲಂ, ಬಿಸಿ ಮುದ್ದೆ.

"ಅದಕ್ಕೇ ಇನ್ಮೇಲೆ ಮಷೀನ್ ಯಾರಿಗೂ ತಾನಾಗಿ ನಂಬರ್ ಕೊಡೋದು ಬೇಡ. ಎಲ್ಲಾ ನಂಬರೂ ತಿಮ್ಮನ ಕೈಯಲ್ಲೇ ಇರ್ಲಿ. ಬಿಲ್ ಹಾಕೋರು ಇವನ್ನ ಕೇಳ್ಬೇಕು, ಇವನು ಕೊಟ್ಟ ನಂಬರೇ ಬಿಲ್ಲಿಗೆ ಹಾಕ್ಬೇಕು. ದೇವ್ರಿಗೂ ಇವನೇ ಒಂದು ಎತ್ತಿಡ್ತಾನೆ. ಶಶಿ ಕೇಳ್ಲಿ, ಗೋಡೌನ್ ಕೇಳ್ಲಿ, ಧರ್ಮಪುರಿ ಅಂಗಡಿಯವ್ರು ಫೋನ್ ಮಾಡಿ ಕೇಳ್ಲಿ."

"ಧರ್ಮಪುರಿ..." ತಿಮ್ಮರಾಜು ತೊದಲಿದ. "ಧರ್ಮಪುರಿಗೆ ನಾನು..."

"ನಿನ್ನ ಕಳಿಸಿಬಿಟ್ರೆ ನಾನು ಇಲ್ಲಿ ಯಾರನ್ನ ನಂಬ್ಲಿ ತಿಮ್ಮಾ?" ಅರುಣಾಚಲಂ ಅವನ ಭುಜದ ಮೇಲೆ ಕೈ ಇಟ್ಟರು. ಆ ಕೈ ಬಹಳ ಭಾರವಾಗಿತ್ತು. "ನಂಬಿದೋನು ನನ್ನ ಪಕ್ಕ ಇರ್ಬೇಕು. ನಂಬಿಕೆ ಇಲ್ಲದೋರ್ನ ದೂರ ಇಡ್ಬೇಕು. ಗೋಡೌನಲ್ಲಿ ನನ್ನ ಸರಕೆಲ್ಲ ಐತೆ, ಅಲ್ಲಿ ಮಾರಿಯಪ್ಪನ್ನ ಇಟ್ಕಳಕ್ಕೆ ಇನ್ನು ನಂಗೆ ಧೈರ್ಯ ಇಲ್ಲ. ಅವನು ಧರ್ಮಪುರಿಗೆ ಓಗ್ಲಿ, ಮ್ಯಾನೇಜರ್ ಆಗಿ. ಅಲ್ಲಿ ಬರೀ ನಾಲ್ಕು ಬೀರು ಪಂಚೆ."

ಮಾರಿಯಪ್ಪ ಬಾಯಿ ತೆರೆದ. ನಗುವುದೋ ಬೇಜಾರು ಮಾಡಿಕೊಳ್ಳುವುದೋ ಗೊತ್ತಾಗದೆ ಎರಡನ್ನೂ ಸ್ವಲ್ಪ ಸ್ವಲ್ಪ ಮಾಡಿದ.

"ಇನ್ನೊಂದು," ಎಂದರು ಅರುಣಾಚಲಂ. "ಧರ್ಮಪುರಿ ಅಂಗಡಿ ಭಾನುವಾರನೂ ತೆರೆದಿರ್ತದೆ. ಮುಹೂರ್ತದ ಗಿರಾಕಿ ಬತ್ತಾರೆ. ಅವ್ರು ಯಾವಾಗ ನಂಬರ್ ಕೇಳ್ತಾರೋ, ನೀನು ಇಲ್ಲೇ ಇರ್ಬೇಕು. ಫೋನಲ್ಲಿ ಊರಿಂದ ಕೊಡ್ತೀನಿ ಅನ್ಬೇಡ, ನಿಮ್ಮೂರಲ್ಲಿ ಸಿಗ್ನಲ್ ಇಲ್ಲ ಅಂತ ನೀನೇ ಏಳಿದೀಯ."

ಭಾನುವಾರ ಅಂಗಡಿಯ ಫೋನು ಎತ್ತದಿರಲು ತಿಮ್ಮರಾಜು ಹಿಂದೆಂದೋ ಹೇಳಿದ್ದ ನೆವ ಅದು. ಅರುಣಾಚಲಂ ತಮ್ಮ ಸ್ವಂತ ಮೆತ್ತೆಯ ಕುರ್ಚಿಯನ್ನು ತಾವೇ ಎಳೆದು ತಂದು ತಿಮ್ಮರಾಜುವನ್ನು ಅದರ ಮೇಲೆ ಕೂರಿಸಿದರು. ಗೋಪಿನಾಥ್ ಚಪ್ಪಾಳೆ ತಟ್ಟಿದರು. ಇಂಥ ಗುಮಾಸ್ತ ನನ್ನ ಮಾವನಿಗೆ ಸಿಗಲಿಲ್ಲ ಎಂದು ನಿಜವಾಗಿಯೂ ಮರುಗಿದರು. ಬೆಳಿಗ್ಗೆಯಿಂದ ಒಬ್ಬರ ಅನುಮಾನವನ್ನೂ ತಡೆಯಲಾರದೆ ಒದ್ದಾಡಿದ ತಿಮ್ಮರಾಜುವಿಗೆ, ಈಗ ಒಬ್ಬರ ನಂಬಿಕೆ ಉಸಿರು ಕಟ್ಟಿಸುತ್ತಿತ್ತು.

ಎಲ್ಲರೂ ಮನೆಗೆ ಹೊರಟ ಮೇಲೆ ಫೋನು ಬಂತು. ಇನ್ನು ಕಟ್ ಮಾಡುವ ಹಾಗಿರಲಿಲ್ಲ.

"ಏನಂದ್ರೆ, ಏನಾತು?" ಅರ್ಚನಾ ದನಿಯ ಹಿಂದೆ ಪಾತ್ರೆಗಳ ಸದ್ದು, ಹೆಂಗಸರ ನಗು. "ರಾಜಾತಿ, ಅವರತ್ತೆ, ಎಲ್ಲಾ ಇಲ್ಲೇ ಅವ್ರೆ. ಯಾವತ್ತು ಬತ್ತೀರಾ ಅಂತ ಕೇಳ್ತಾವ್ರೆ."

ತಿಮ್ಮರಾಜು ಹೇಳಿದ. ನಂಬರು ಕಾಣೆಯಾದದ್ದು, ತನ್ನನ್ನು ಕಳ್ಳ ಅಂದದ್ದು, ಕರ್ಪೂರ ಹಚ್ಚಿಸಲು ಹೋದದ್ದು, ದೊಡ್ಡವ್ವ ಸುಳಿ ಹಾಕಿದ್ದು, ತನ್ನ ಮರ್ಯಾದೆ ಉಳಿದದ್ದು. "ನಂಬ್ಕೆ ಇಲ್ಲ ಅಂತ ಮಾರಿಯಪ್ಪನ್ನ ಮ್ಯಾನೇಜರ್ ಮಾಡಿ ಧರ್ಮಪುರಿಗೆ ಕಳಿಸ್ತಾವ್ರೆ. ಈಗ ಮೊದಲಾಳಿಗೆ ನನ್ನ ಮೇಲೆ ಎಷ್ಟು ನಂಬ್ಕೆ ಅಂದ್ರೆ, ನನ್ನ ಎಲ್ಲಿಗೂ ಕಳ್ಸಲ್ಲ ಅಂತವ್ರೆ ಅರ್ಚನಾ. ಭಾನುವಾರನೂ."

ಆ ಕಡೆ ಹೆಂಗಸರ ನಗು ನಿಂತಿತು. ಪಾತ್ರೆಯ ಸದ್ದೂ ನಿಂತಿತು. ಅರ್ಚನಾ ಫೋನ್ ಹಿಡಿದುಕೊಂಡು ಹಿತ್ತಲಿಗೆ ಬಂದಿರಬೇಕು, ಎಮ್ಮೆಯ ಉಸಿರು ಹತ್ತಿರದಲ್ಲೇ ಕೇಳಿಸಿತು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ತಿಮ್ಮರಾಜುವಿಗೆ ತಡೆಯಲಾಗಲಿಲ್ಲ.

"ಅಲ್ಲ, ಕೇಳ್ತೀನಿ," ಎಂದಳು. "ಅಷ್ಟೊಂದು ನಂಬರ್ ನಿಮ್ಮ ಕಣ್ಣ್ ಮುಂದೇನೇ ಬಿದ್ದಿದ್ವಲ್ಲ. ಒಂದಾದ್ರೂ ಕದಿಯಕ್ಕಾಗ್ಲಿಲ್ವಾ ನಿಮ್ಮ ಕೈಲಿ?"